ವಾಡಿಕೆಯ ಬಿಸಿಲು

ಮಾರ್ಚ್ ಬಂತೆಂದರೆ ಬೆಂಗಳೂರಿನ ನಮ್ಮ ಆಫೀಸಿನಲ್ಲಿ ನನಗೊಂದು ಕಾಯಂ ಪಾತ್ರ. ಯಾರಾದರೊಬ್ಬರು ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ ಬಂದು "ಏನ್ ಸೆಕೆ ಮಾರಾಯ" ಅನ್ನುತ್ತಾರೆ. ಅಂದವರೇ ನನ್ನ ಕಡೆ ತಿರುಗಿ, "ನಿಮಗೇನು ಬಿಡಿ, ಗುಲ್ಬರ್ಗಾದವರು, ರೂಢಿ ಇರತ್ತೆ" ಎಂದು ಸೇರಿಸುತ್ತಾರೆ. ಆಗ ನಾನು ನನ್ನ ಡೈಲಾಗು ಹೊಡೆಯಬೇಕು: "ನಮ್ ಕಡಿ ಎರಡೇ ಕಾಲ ನೋಡ್ರಿ. ಒಂದು ಬ್ಯಾಸಗಿ, ಇನ್ನೊಂದು ಭಾಳ ಬ್ಯಾಸಗಿ." ಎಲ್ಲರೂ ನಗುತ್ತಾರೆ. ಹನ್ನೆರಡು ವರ್ಷ ಇದೇ ಮಾತು ಹೇಳಿ ನಗಿಸಿದ್ದೇನೆ. ಹೇಳುವಾಗ ಒಳಗೊಳಗೇ ಸಣ್ಣದೊಂದು ಜಂಬವೂ ಇರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆಗುಂಬೆ ಕಡೆಯವರು ಮಳೆಯ ಮಾತಾಡುವಾಗ ಮುಖದಲ್ಲಿ ಒಂದು ಕಳೆ ಬರುತ್ತದಲ್ಲ, ಹಾಗೆ. ನಮಗೆ ಹೊರಗಿನವರ ಮುಂದೆ ಇಡಲಿಕ್ಕೆ ಇದ್ದದ್ದು ತೊಗರಿಬೇಳೆ ಮತ್ತು ಬಿಸಿಲು.

ಹೋದ ವರ್ಷದಿಂದ ಆ ಮಾತು ಬಾಯಿಗೆ ಬರುತ್ತಿಲ್ಲ. ಆಫೀಸಿನಲ್ಲಿ ಪ್ರಥಮ ಚಿಕಿತ್ಸೆಯ ಅರ್ಧ ದಿನದ ತರಬೇತಿ ಇಟ್ಟಿದ್ದರು. ಹೇಳಿಕೊಡಲು ಬಂದವರು ನಿವೃತ್ತ ನರ್ಸ್ ಒಬ್ಬರು, ನಿಧಾನ ಮಾತಿನ ಹೆಂಗಸು. ಹಾವು ಕಚ್ಚಿದರೆ, ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ, ಎದೆ ಒತ್ತುವುದು ಹೇಗೆ, ಎಲ್ಲ ಆಯಿತು. ಊಟಕ್ಕೆ ಇನ್ನು ಐದು ನಿಮಿಷ ಇದೆ ಎನ್ನುವಾಗ ಉಷ್ಣಾಘಾತದ ಸ್ಲೈಡು ಬಂತು. ಮೈ ಸುಡುತ್ತಿರುತ್ತದೆ. ವಾಂತಿ ಆಗಬಹುದು. ಮನುಷ್ಯ ಏನೇನೋ ಬಡಬಡಿಸುತ್ತಾನೆ, ಎದುರಿಗಿದ್ದವರ ಗುರುತು ತಪ್ಪುತ್ತದೆ. "ಇದನ್ನ ಜ್ವರ ಅಂದ್ಕೊಂಡ್ಬಿಡ್ತಾರೆ ಜನ" ಎಂದರು ಅವರು. "ಹೊದಿಸಿ ಮಲಗಿಸ್ತಾರೆ. ದಯವಿಟ್ಟು ಹೊದಿಸಬೇಡಿ." ಇಷ್ಟು ಹೇಳಿ ಸ್ಲೈಡು ಬದಲಿಸಿದರು. ಆ ಹಾಲಿನಲ್ಲಿ ಎ.ಸಿ. ಎಷ್ಟು ಜೋರಿತ್ತೆಂದರೆ ನಾನು ಸ್ವೆಟರ್ ಹಾಕಿಕೊಂಡು ಕೂತಿದ್ದೆ. ಊಟಕ್ಕೆ ಏಳಲಿಕ್ಕೆ ಆಗಲಿಲ್ಲ.

ಮಾಲು ಬಿಗಿಯುವ ಮುಂಚೆ

ನಮ್ಮ ಕಾಕಾ ಗೌಂಡಿ ಆಗಿದ್ದ. ಊರ ಸುತ್ತಿನ ಹತ್ತು ಹಳ್ಳಿಗಳಲ್ಲಿ ಅವನ ಕೈಯ ಗೋಡೆಗಳಿವೆ, ಓಳಂಬ ಬಿಟ್ಟು ನೋಡಿದರೆ ನೂಲಿನಷ್ಟೂ ಆಚೀಚೆ ಆಗದ ಗೋಡೆಗಳು. ಆ ಮೇ ತಿಂಗಳಲ್ಲಿ ಚಿಗವ್ವನ ತವರಿನಲ್ಲಿ ಒಂದರ ಬೆನ್ನಿಗೆ ಒಂದು ಎರಡು ಮದುವೆ. ಹದಿನೈದು ದಿನ ಕಾಕಾ ಕರಣಿ ಮುಟ್ಟಿರಲಿಲ್ಲ. ಪೆಂಡಾಲಿನ ನೆರಳಲ್ಲಿ ಕೂತು, ಹುಗ್ಗಿ ಉಂಡು, ಬೀಗರ ಜೊತೆ ಹರಟೆ ಹೊಡೆದು ಬಂದಿದ್ದ. ಬಂದ ಮರುದಿನವೇ ಪಕ್ಕದ ಊರಲ್ಲಿ ಸ್ಲ್ಯಾಬು. ಡಿಗ್ರಿ ಎರಡನೇ ವರ್ಷ ಮುಗಿಸಿ ರಜೆಗೆ ಬಂದಿದ್ದ ನನ್ನನ್ನೂ ಕರೆದುಕೊಂಡು ಹೋದ. ಖಡಿ, ಅಂದರೆ ಜಲ್ಲಿಕಲ್ಲು, ತುಂಬುವವರ ಜೊತೆ ನಿಂತರೆ ಒಂದು ದಿನದ ಪಗಾರ ಸಿಗುತ್ತದೆ, ಬಸ್ಸಿನ ಪಾಸಿಗಾಯಿತು ಎಂದು.

ಬೆಳಿಗ್ಗೆ ಆರಕ್ಕೆ ಬರಬೇಕಿದ್ದ ಮಿಕ್ಸರ್ ಬಂದದ್ದು ಒಂಬತ್ತೂವರೆಗೆ. ಎಲ್ಲ ಅನಾಹುತದ ಬೇರು ಅಲ್ಲೇ ಇದೆ ಎಂದು ಈಗ ಅನ್ನಿಸುತ್ತದೆ. ಮನೆ ಕಟ್ಟಿಸಿದವರಿಗೆ ಗೊತ್ತು, ಸ್ಲ್ಯಾಬ್ ಹಾಕುವುದನ್ನು ಶುರು ಮಾಡಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ಅರ್ಧಕ್ಕೆ ಬಿಟ್ಟು ನಾಳೆ ನೋಡೋಣ ಎಂದರೆ ಅಲ್ಲಿ ಜೋಡು ಬೀಳುತ್ತದೆ, ಮಳೆಗಾಲಕ್ಕೆ ಸೋರುತ್ತದೆ. ಬಿಸಿಲಿಗೆ ಮಾಲು, ಅಂದರೆ ಕಲಸಿದ ಕಾಂಕ್ರೀಟು, ಬೇಗ ಬಿಗಿಯುವುದರಿಂದ ಅವಸರ ಇನ್ನೂ ಜಾಸ್ತಿ. ಝಳ ಏರಿದಂತೆ ಮೈ ನಿಧಾನ ಮಾಡು ಅನ್ನುತ್ತದೆ, ಮಾಲು ಲಗು ಮಾಡು ಅನ್ನುತ್ತದೆ. ಗೌಂಡಿ ಮಾಲಿನ ಮಾತು ಕೇಳಬೇಕು. ಕೆಳಗೆ ಸೆಂಟ್ರಿಂಗಿನ ಕಬ್ಬಿಣದ ಹಾಳೆಗಳು ಕಾದು ಹಂಚಾಗಿದ್ದವು. ಅವುಗಳ ಮೇಲೆ ನೀರು ಹೊಡೆದರೆ ಚುಯ್ ಅನ್ನುತ್ತಿತ್ತು. ಹನ್ನೆರಡೂವರೆ ಹೊತ್ತಿಗೆ ನನಗೆ ಕಣ್ಣು ಕತ್ತಲೆ ಬಂದಂತಾಗಿ ಖಡಿಯ ಗುಡ್ಡೆಯ ಮೇಲೇ ಕೂತೆ. ಕಾಕಾ ಮೇಲಿನಿಂದಲೇ ನೋಡಿ ಬೈದ: "ನೀ ಮನೀಗಿ ಹೋಗು. ನಿಂಗ ರೂಢಿ ಇಲ್ಲ." ನಾನು ಹೋದೆ. ಹೋಗುವ ಮುಂಚೆ ಕಾಕಾ ಅಂಗಿಯ ಜೇಬು ತಟ್ಟಿ ತೋರಿಸಿ ನಕ್ಕಿದ್ದ. ಜೇಬಿನಲ್ಲಿ ಉಳ್ಳಾಗಡ್ಡಿ ಇತ್ತು. ಉಳ್ಳಾಗಡ್ಡಿ ಇಟ್ಟುಕೊಂಡರೆ ಝಳ ಬಡಿಯುವುದಿಲ್ಲ ಎನ್ನುವುದು ನಮ್ಮ ಕಡೆಯ ನಂಬಿಕೆ.

ಸಂಜೆ ಐದರ ಸುಮಾರಿಗೆ ಬಂದ. ಒಂದು ಚೊಂಬು ನೀರು ಗಟಗಟ ಕುಡಿದ, ಕುಡಿದದ್ದೆಲ್ಲ ಕಾರಿದ. "ತಲಿ ಸಿಡೀಲಿಕತ್ತದ" ಎಂದು ಒಳಗೆ ಹೋಗಿ ಮಲಗಿದ. ಒಳಗೆ ಅಂದರೆ ಪತ್ರಾಸಿನ ಖೋಲಿ. ಮೊದಲು ಅಲ್ಲಿ ಮಣ್ಣಿನ ಮಾಳಗಿ ಇತ್ತು. ಒಂದು ಮಳೆಗಾಲಕ್ಕೆ ಅದು ಕುಸಿದ ಮೇಲೆ ಸಿಮೆಂಟ್ ಇಟ್ಟಿಗೆಯ ಗೋಡೆ ಎಬ್ಬಿಸಿ ಮೇಲೆ ತಗಡು ಹೊದಿಸಿದ್ದ, ಸದ್ಯಕ್ಕೆ ಇರಲಿ ಎಂದು. ಊರಿಗೆಲ್ಲ ಸ್ಲ್ಯಾಬ್ ಹಾಕಿದ ಗೌಂಡಿಯ ಮನೆಯಲ್ಲಿ ಆ 'ಸದ್ಯಕ್ಕೆ' ಒಂಬತ್ತು ವರ್ಷ ಆಗಿತ್ತು. ಹೊತ್ತು ಮುಳುಗಿದ ಮೇಲೂ ಆ ಖೋಲಿಯ ಗೋಡೆ ಮುಟ್ಟಿದರೆ ಒಲೆಯ ಪಕ್ಕದ ಗೋಡೆ ಮುಟ್ಟಿದ ಹಾಗೆ.

ಎಂಟು ಗಂಟೆಗೆ ಕಾಕಾ ಮಾತಾಡಲು ಶುರು ಮಾಡಿದ. ನನ್ನನ್ನು ನೋಡಿ "ಅಣ್ಣಾ" ಅಂದ, ನಮ್ಮಪ್ಪ ಅಂದುಕೊಂಡು. "ಅಣ್ಣಾ, ಮಾಲ್ ಬಿಗೀಲಿಕತ್ತದ, ಲಗು ಲಗು ಕಳಸಂತ ಹೇಳು." ಚಿಗವ್ವ ಹಣೆ ಮುಟ್ಟಿ, "ಹಂಚಿನಂಗ ಸುಡ್ಲಿಕತ್ತದ, ಜ್ವರ ಬಂದಾವ" ಅಂದಳು. ಮೈ ಆಗಾಗ ಅದುರುತ್ತಿತ್ತು. ಚಳಿ ಜ್ವರ ಎಂದು ನಮಗೆಲ್ಲ ಖಾತ್ರಿ ಆಯಿತು. ನಾನು ಅಡ್ಡದ ಮೇಲಿಂದ ಕೌದಿ ಎಳೆದು ತಂದು ಹೊಚ್ಚಿದೆ. ಗಾಳಿ ತಾಗಬಾರದೆಂದು ಕಾಲಿನ ಕೆಳಗೆ, ಬಗಲಿಗೆ ಎಲ್ಲ ಕಡೆ ಒತ್ತಿ ಸಿಗಿಸಿದೆ. ಅವನು ಎರಡು ಸಲ ಒದ್ದು ಸರಿಸಿದ. ಎರಡು ಸಲವೂ ಮತ್ತೆ ಹೊಚ್ಚಿದೆ.

ಪಕ್ಕದ ಮನೆಯವರು ಜ್ವರದ ಗುಳಿಗೆ ತಂದುಕೊಟ್ಟರು. ಒಬ್ಬರು ಕುಡಿದಾನೇನು ನೋಡ್ರಿ ಅಂದರು, ಇನ್ನೊಬ್ಬರು ಗಾಳಿ ಸೋಕಿದೆ ಎಂದು ವಿಭೂತಿ ಹಚ್ಚಿದರು. ನಡುರಾತ್ರಿ ಕೈಕಾಲು ಸೆಟೆದುಕೊಂಡವು. ಟಂಟಂನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಟೆವು, ಅಲ್ಲಿಯೂ ಕೌದಿ ಸಮೇತ. ಬೆಳಕು ಹರಿಯುವ ಮುಂಚೆ ಮುಗಿಯಿತು. ಕಾಗದದಲ್ಲಿ ಹೃದಯ ಮತ್ತು ಉಸಿರಾಟದ ಸ್ತಂಭನ ಎಂದು ಬರೆದರು. ಸುಳ್ಳೇನಲ್ಲ, ಯಾರದಾದರೂ ಕೊನೆಗೆ ನಿಲ್ಲುವುದು ಅವೆರಡೇ. ಊರಲ್ಲಿ "ಹಾರ್ಟ್ ಅಟ್ಯಾಕ್ ಆಯ್ತಂತ" ಎಂದಾಯಿತು. ನಲವತ್ತೆಂಟು ವಯಸ್ಸು.

ನಾಲ್ಕನೇ ದಿನ ಅವನ ಕರಣಿ, ಓಳಂಬ, ರಂದಾ ತರಲಿಕ್ಕೆ ನಾನೇ ಆ ಊರಿಗೆ ಹೋದೆ. ಮನೆಯ ಮಾಲೀಕರು ಒಳ್ಳೆಯವರು. ಅತ್ತರು, ಪಗಾರದ ಮೇಲೆ ಒಂದಿಷ್ಟು ಕೈಯಲ್ಲಿಟ್ಟರು. ಸಾಮಾನು ಮೇಲೆ ಇದೆ ಅಂದರು. ಹತ್ತಿ ನೋಡಿದರೆ ಹೊಸ ಸ್ಲ್ಯಾಬಿನ ಮೇಲೆ ಮಣ್ಣಿನ ಸಣ್ಣ ಬದುಗಳನ್ನು ಕಟ್ಟಿ ನೀರು ನಿಲ್ಲಿಸಿದ್ದರು. ಗುಬ್ಬಿಗಳು ಮೀಯುತ್ತಿದ್ದವು. "ಹದಿನಾಲ್ಕು ದಿನ ಹಿಂಗ ನೀರಾಗ ಇಡಬೇಕಂತ ನಿಮ್ಮ ಕಾಕಾನ ಹೇಳಿದ್ರು" ಅಂದರು ಮಾಲೀಕರು ಹಿಂದಿನಿಂದ. "ಇಲ್ಲಾಂದ್ರ ಬಿಸಿಲಿಗಿ ಬಿರೀತದಂತ."

ರೂಢಿ ಅನ್ನುವುದು

ತರಬೇತಿಯ ದಿನ ರಾತ್ರಿಯಿಂದ ನಾನು ಓದಲು ಕೂತೆ. ಡಾಕ್ಟರ್ ಗೆಳೆಯನೊಬ್ಬನ ತಲೆಯನ್ನೂ ತಿಂದೆ. ತಿಳಿದದ್ದರಲ್ಲಿ ಹೆಚ್ಚಿನದು ಶಾಲೆಯಲ್ಲೇ ಓದಿದ್ದ ಸಂಗತಿ, ಕಾಕಾನ ಮೈಯ ಜೊತೆ ಕೂಡಿಸಿ ನೋಡಿರಲಿಲ್ಲ ಅಷ್ಟೆ. ನಮ್ಮ ಚರ್ಮ ಸುಮಾರು 35 ಡಿಗ್ರಿಯಲ್ಲಿರುತ್ತದೆ. ಸುತ್ತಲಿನ ಗಾಳಿ ಅದಕ್ಕಿಂತ ತಂಪಾಗಿದ್ದರೆ ಒಳಗಿನ ಶಾಖ ತಾನಾಗಿ ಹೊರಗೆ ಹೋಗುತ್ತದೆ. ಗಾಳಿಯೇ 43 ಇದ್ದರೆ ಹೊರಗಿನದು ಒಳಗೆ ಬರುತ್ತದೆ, ಫ್ಯಾನು ಹಾಕಿದರೆ ಇನ್ನಷ್ಟು ಬೀಸಿ ತರುತ್ತದೆ. ಆಗ ಮೈಗೆ ಉಳಿಯುವ ದಾರಿ ಬೆವರು ಒಂದೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಮಂಗಳೂರಿನ ಕಡೆ ಬೆವರು ಇಳಿಯುತ್ತದೆ, ಆರುವುದಿಲ್ಲ. ಅದು ಬೇರೆಯೇ ಥರದ ಕಷ್ಟ. ನಮ್ಮ ಒಣ ಸೀಮೆಯಲ್ಲಿ ಅದು ಕಣ್ಣಿಗೆ ಬೀಳುವ ಮುಂಚೆಯೇ ಆರಿಹೋಗುತ್ತದೆ. ಅದಕ್ಕೇ ನಮ್ಮವರು "ನಮ್ ಕಡಿ ಬೆವರಂಗಿಲ್ಲ ನೋಡ್ರಿ" ಎಂದು ಹೇಳಿಕೊಳ್ಳುವುದು. ಸಂಜೆ ಗೌಂಡಿಯ ಅಂಗಿಯ ಬೆನ್ನು ನೋಡಿದರೆ ಉಪ್ಪಿನ ಬಿಳಿ ಗೆರೆಗಳ ನಕಾಶೆ ಇರುತ್ತದೆ. ಎಷ್ಟು ನೀರು ಹೋಯಿತು ಎನ್ನುವುದಕ್ಕೆ ಅದೊಂದೇ ಸಾಕ್ಷಿ.

ರೂಢಿ ಎನ್ನುವುದು ಸುಳ್ಳಲ್ಲ. ಒಂದು ವಾರ, ಎರಡು ವಾರ ಬಿಸಿಲಲ್ಲಿ ಸ್ವಲ್ಪ ಸ್ವಲ್ಪವಾಗಿ ಕೆಲಸ ಹೆಚ್ಚಿಸುತ್ತ ಹೋದರೆ ಮೈ ಕಲಿಯುತ್ತದೆ. ಬೇಗ ಬೆವರಲು ಶುರು ಮಾಡುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಕಳೆಯುತ್ತದೆ, ಹೃದಯಕ್ಕೆ ದುಡಿತ ಹಗುರಾಗುತ್ತದೆ. ಕಲಿತದ್ದನ್ನು ಎರಡು ಮೂರು ವಾರ ಬಿಟ್ಟರೆ ಮೈ ಮರೆತೂಬಿಡುತ್ತದೆ. ಬಿಸಿಲಲ್ಲಿ ದುಡಿಯುತ್ತ ಸತ್ತವರಲ್ಲಿ ಬಹಳಷ್ಟು ಮಂದಿ ಕೆಲಸಕ್ಕೆ ಹೊಸದಾಗಿ ಬಂದ, ಅಥವಾ ಬಿಟ್ಟು ಮತ್ತೆ ಬಂದ ಮೊದಲ ಕೆಲವೇ ದಿನಗಳಲ್ಲಿ ಸತ್ತವರು. ಮೂವತ್ತು ವರ್ಷ ಬಿಸಿಲುಂಡ ಕಾಕಾನ ರೂಢಿ ಎರಡು ಮದುವೆಗಳ ಹುಗ್ಗಿಯಲ್ಲಿ ಸವೆದಿತ್ತು. ಆ ದಿನ ಮಧ್ಯಾಹ್ನ ಖಡಿಯ ಗುಡ್ಡೆಯ ಮೇಲೆ ಕೂತಿದ್ದ ನನಗೂ ಮೇಲೆ ನಿಂತಿದ್ದ ಅವನಿಗೂ ಅವನು ಅಂದುಕೊಂಡಷ್ಟು ಅಂತರ ಇರಲಿಲ್ಲ. ನನ್ನ ಮೈ ಹೇಳಿದ್ದನ್ನು ನಾನು ಕೇಳಿದೆ, ಅವನಿಗೆ ಕೇಳುವಂತಿರಲಿಲ್ಲ.

ಗುಳಿಗೆಯ ವಿಚಾರವೂ ಹೀಗೆಯೇ. ಜ್ವರ ಬಂದಾಗ ಮೆದುಳೇ ಮೈಯ ಉಷ್ಣವನ್ನು ಏರಿಸಿ ಇಟ್ಟಿರುತ್ತದೆ, ಗುಳಿಗೆ ಅದನ್ನು ಇಳಿಸುತ್ತದೆ. ಝಳ ಬಡಿದಾಗ ಮೆದುಳು ಏರಿಸಿದ್ದೇನೂ ಇಲ್ಲ. ಹೊರಗಿನ ಬೆಂಕಿ, ಸ್ನಾಯುಗಳ ಬೆಂಕಿ ಎರಡೂ ಸೇರಿ ಒಳಗಿನ ಉಷ್ಣ 40 ದಾಟಿರುತ್ತದೆ, ಗುಳಿಗೆಗೆ ಅಲ್ಲಿ ಮಾಡಲು ಕೆಲಸವೇ ಇಲ್ಲ. ಬೆವರು ನಿಂತೇಬಿಟ್ಟಿರಬೇಕು ಎಂದೂ ಇಲ್ಲ. ದುಡಿಯುತ್ತಲೇ ಝಳ ಬಡಿಸಿಕೊಂಡವರ ಮೈ ಒದ್ದೆಯಾಗಿಯೇ ಇರಬಹುದು. ನೋಡಬೇಕಾದದ್ದು ಮಾತನ್ನು. ಸುಡುವ ಮೈ, ಜೊತೆಗೆ ಗುರುತು ತಪ್ಪಿದ ಮಾತು ಎಂದರೆ ಗಡಿಯಾರ ಓಡುತ್ತಿದೆ ಎಂದು ಅರ್ಥ. ಆಸ್ಪತ್ರೆಗೆ ಗಾಡಿ ಹುಡುಕುತ್ತ ಕೂರುವಂತಿಲ್ಲ, ಇದ್ದಲ್ಲೇ ತಣಿಸಲು ಶುರು ಮಾಡಬೇಕು. ಬಟ್ಟೆ ತೆಗೆದು ನೀರು ಸುರಿಯಬೇಕು, ಬೀಸಬೇಕು, ಮಂಜುಗಡ್ಡೆ ಸಿಕ್ಕರೆ ಕತ್ತಿಗೆ, ಕಂಕುಳಿಗೆ, ತೊಡೆಸಂದಿಗೆ ಇಡಬೇಕು. ಪ್ರಜ್ಞೆ ಸರಿ ಇಲ್ಲದವರಿಗೆ ಬಾಯಿಗೆ ನೀರು ಹಾಕಬಾರದು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಕತ್ತಿನವರೆಗೆ ತಣ್ಣೀರಲ್ಲಿ ಮುಳುಗಿಸುವುದು. 2024ರ ಬೇಸಿಗೆಯಲ್ಲಿ ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯವರು ಇದಕ್ಕೆಂದೇ ಒಂದು ಘಟಕ ಮಾಡಿ, ತೊಟ್ಟಿಗಳನ್ನೂ ಮಂಜುಗಡ್ಡೆಯ ಯಂತ್ರವನ್ನೂ ಇಟ್ಟರು. ನಮ್ಮ ಅಂಗಳದಲ್ಲಿ ದನಕ್ಕೆ ನೀರು ಕುಡಿಸುವ ಕಲ್ಲಿನ ದೋಣಿ ಇತ್ತು, ಮನುಷ್ಯ ಮಲಗುವಷ್ಟು ಉದ್ದ. ಸಂಜೆಯಷ್ಟೇ ನಾನು ಬೋರಿನಿಂದ ತಂದು ತುಂಬಿಸಿದ್ದೆ. ಕಾಕಾ ಮಲಗಿದ್ದಲ್ಲಿಂದ ಹತ್ತು ಹೆಜ್ಜೆ.

ಪೇಪರಿನ ಡಿಗ್ರಿ

ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ಫೋಟೊ ಬಂದೇ ಬರುತ್ತದೆ, ಗಮನಿಸಿದ್ದೀರಾ? ಯಾರೋ ಹುಡುಗರು ಕಾದ ಬಂಡೆಯ ಮೇಲೆ ಮೊಟ್ಟೆ ಒಡೆದು ಆಮ್ಲೆಟ್ ಮಾಡುತ್ತಿರುತ್ತಾರೆ. ಕೆಳಗೆ 'ರಣಬಿಸಿಲಿಗೆ ಜನ ತತ್ತರ' ಎಂದು ಎರಡು ಸಾಲು. ನಾನೂ ಅದನ್ನು ವಾಟ್ಸಾಪಿನಲ್ಲಿ ಹತ್ತು ಮಂದಿಗೆ ಕಳಿಸಿದವನೇ.

ಆ ಸುದ್ದಿಯ ಪಕ್ಕದಲ್ಲಿ ಬರುವ ಅಂಕಿ ಇದೆಯಲ್ಲ, ಅದನ್ನು ಅಳೆಯುವುದು ನೆರಳಿನಲ್ಲಿ. ಬಿಳಿ ಬಣ್ಣದ, ಗಾಳಿ ಆಡುವ ಕಿಂಡಿಗಳಿರುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ ಥರ್ಮಾಮೀಟರ್ ಇರುತ್ತದೆ. ಊರೂರಿನ ಅಂಕಿಯನ್ನು ಹೋಲಿಸಲು ಹಾಗೆಯೇ ಅಳೆಯಬೇಕು, ಸರಿ. ಆದರೆ ಆ ಪೆಟ್ಟಿಗೆಯೊಳಗೆ ಯಾರೂ ಕೆಲಸ ಮಾಡುವುದಿಲ್ಲ. ಇನ್ನು ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲು ಸೀಮೆಗೆ ಬಿಸಿಗಾಳಿ ಅಂದರೆ ಉಷ್ಣಾಂಶ 40 ಮುಟ್ಟಿರಬೇಕು, ಜೊತೆಗೆ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. ಇಲ್ಲವೇ ನೇರ 45 ಮುಟ್ಟಬೇಕು. ನಮ್ಮೂರಿನ ಮೇ ತಿಂಗಳ ವಾಡಿಕೆಯೇ ನಲವತ್ತರ ಆಸುಪಾಸಿನದು. ಹಾಗಾಗಿ 43 ಆದರೂ ಅದು ಬಿಸಿಗಾಳಿ ಅನ್ನಿಸಿಕೊಳ್ಳದೆ ಹೋಗಬಹುದು. 'ವಾಡಿಕೆಗಿಂತ 2 ಡಿಗ್ರಿ ಹೆಚ್ಚು' ಎಂದು ಒಂದು ಸಾಲಿನಲ್ಲಿ ಮುಗಿಯುತ್ತದೆ. ವಾಡಿಕೆ ಎಂಬ ಆ ಪದವನ್ನು ನಾನು ಈಗ ಸಲೀಸಾಗಿ ಓದಿ ಮುಂದೆ ಹೋಗಲಾರೆ. ಜೀವಕ್ಕೆ ಎರವಾಗುವಂಥದ್ದೂ ಪ್ರತಿ ವರ್ಷ ಬರುತ್ತಿದ್ದರೆ ವಾಡಿಕೆಯೇ.

ಕಡಿಮೆ ಅಂಕಿಯೂ ಕೊಲ್ಲುತ್ತದೆ ಎನ್ನುವುದಕ್ಕೆ ನವಿ ಮುಂಬೈಯ ಖಾರ್ಘರ್ ಇದೆ. 2023ರ ಏಪ್ರಿಲ್ 16ರಂದು ಅಲ್ಲಿನ ಬಯಲಿನಲ್ಲಿ ಸರ್ಕಾರಿ ಪ್ರಶಸ್ತಿ ಪ್ರದಾನಕ್ಕೆ ಲಕ್ಷಾಂತರ ಜನ ಸೇರಿದ್ದರು. ಯಾರೂ ಖಡಿ ಹೊತ್ತಿರಲಿಲ್ಲ, ಬಿಸಿಲಲ್ಲಿ ಕೂತಿದ್ದರು ಅಷ್ಟೆ. ಸುತ್ತಲಿನ ಮಾಪಕಗಳು ತೋರಿಸಿದ್ದು 38 ಡಿಗ್ರಿಯ ಹತ್ತಿರ. 14 ಜನ ಸತ್ತರು. ಸಮುದ್ರದ ಸೀಮೆಯ ಹಸಿ ಗಾಳಿ, ಆರದ ಬೆವರು.

ನಮ್ಮ ಸರ್ಕಾರಕ್ಕೆ ಬಿಸಿಲು ಗೊತ್ತಿಲ್ಲ ಎಂದು ಹೇಳುವಂತಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಿಗೆ, ವಿಜಯಪುರ ಬಾಗಲಕೋಟೆಗಳಿಗೆ ಸರ್ಕಾರಿ ಕಚೇರಿಯ ಹೊತ್ತು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಆದೇಶ ಬರುತ್ತದೆ. ನರೇಗಾ ಕೂಲಿಯವರಿಗೂ ಬೇಸಿಗೆಯಲ್ಲಿ ಕೆಲಸದ ಅಳತೆಯಲ್ಲಿ ರಿಯಾಯಿತಿ ಕೊಟ್ಟದ್ದುಂಟು. ಒಳ್ಳೆಯದೇ. ಫ್ಯಾನಿನ ಕೆಳಗೆ ಕೂತ ಗುಮಾಸ್ತರಿಗೆ ಒಂದೂವರೆಯ ನಂತರ ಆಗದಷ್ಟು ಬಿಸಿಲು ಇದೆ ಎಂದು ಸರ್ಕಾರವೇ ಕಾಗದದಲ್ಲಿ ಒಪ್ಪಿಕೊಂಡ ಹಾಗಾಯಿತಲ್ಲ. ಆ ಹೊತ್ತಿಗೆ ಸ್ಲ್ಯಾಬಿನ ಮೇಲೆ ನಿಂತವನಿಗೆ ಅಂಥ ಆದೇಶ ಬಂದದ್ದನ್ನು ನಾನು ಕಂಡಿಲ್ಲ. ದುಬೈಯಲ್ಲಿ ದುಡಿಯುವ ಉಡುಪಿಯ ಗೆಳೆಯನೊಬ್ಬ ಹೇಳುತ್ತಿದ್ದ: ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಯಲಿನ ಕೆಲಸ ಮಾಡಿಸುವಂತಿಲ್ಲ, ಮಾಡಿಸಿದರೆ ದಂಡ. ಅಲ್ಲಿನ ಕೂಲಿಯವರ ಬಾಳು ಸುಖದ್ದು ಎಂದು ಇದರರ್ಥವಲ್ಲ. ಆದರೂ ಒಂದು ಗಂಟೆ ಬಾರಿಸುತ್ತದೆ, ಜನ ನೆರಳಿಗೆ ಹೋಗುತ್ತಾರೆ.

ಅಹಮದಾಬಾದಿನ ಲೆಕ್ಕ

ಕಾಕಾನ ಕಾಗದದಲ್ಲಿ 'ಬಿಸಿಲು' ಎಂಬ ಪದ ಇರಲಿಲ್ಲ. ಬರೆದ ಡಾಕ್ಟರನ್ನು ಬೈಯಲಾರೆ. ನಾವೇ ಹೇಳಿದ್ದು ಜ್ವರ ಎಂದು. ಸ್ಲ್ಯಾಬಿನ ಮಾತು ಯಾರೂ ಎತ್ತಲಿಲ್ಲ, ಅದೇನು ಹೇಳುವಂಥ ಸಂಗತಿ ಎಂದು ಯಾರಿಗೂ ಹೊಳೆಯಲಿಲ್ಲ. ಇಂಥ ಸಾವುಗಳನ್ನು ಹಾಗಾದರೆ ಎಣಿಸುವುದು ಹೇಗೆ? ಇದಕ್ಕೆ ನನಗೆ ಸಿಕ್ಕ ಉತ್ತರ ಅಹಮದಾಬಾದಿನದು. 2010ರ ಮೇ ತಿಂಗಳಲ್ಲಿ ಅಲ್ಲಿ ಉಷ್ಣಾಂಶ 46.8 ಡಿಗ್ರಿ ಮುಟ್ಟಿತ್ತು. ಬಿಸಿಲಿನಿಂದ ಸತ್ತವರು ಎಂದು ಆಗ ದಾಖಲಾದದ್ದು ತೀರ ಕಡಿಮೆ. ಆಮೇಲೆ ಸಂಶೋಧಕರು ಬೇರೆ ದಾರಿ ಹಿಡಿದರು. ಯಾಕೆ ಸತ್ತರು ಎಂದು ಕೇಳುವುದನ್ನೇ ಬಿಟ್ಟು, ಆ ತಿಂಗಳು ನಗರದಲ್ಲಿ ಒಟ್ಟು ಎಷ್ಟು ಜನ ಸತ್ತರು ಎಂದು ನೋಡಿದರು. ಹಿಂದಿನ ಮತ್ತು ಮುಂದಿನ ವರ್ಷದ ಮೇ ತಿಂಗಳಿನ ಜೊತೆ ಹೋಲಿಸಿದರು. 1,344 ಸಾವು ಹೆಚ್ಚಿಗೆ ಇದ್ದವು. ಹೃದಯಾಘಾತ, ಕಿಡ್ನಿ, ಸಕ್ಕರೆ ಕಾಯಿಲೆ, ವಯಸ್ಸಾಗಿತ್ತು ಎಂಬ ಹೆಸರುಗಳ ಹಿಂದೆ ಅಷ್ಟೂ ಜನ ಅಡಗಿ ಕೂತಿದ್ದರು. ಒಬ್ಬೊಬ್ಬರನ್ನೇ ನೋಡಿದರೆ ಬಿಸಿಲು ಕಾಣದು, ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದಾಗ ಕಂಡಿತು.

ಆ ಲೆಕ್ಕ ಸುಮ್ಮನೆ ಕಡತದಲ್ಲಿ ಉಳಿಯಲಿಲ್ಲ. 2013ರಲ್ಲಿ ಅಹಮದಾಬಾದ್ ಬಿಸಿಲಿಗೆಂದೇ ಒಂದು ಯೋಜನೆ ಮಾಡಿತು, ದಕ್ಷಿಣ ಏಷ್ಯಾದಲ್ಲಿ ಮೊದಲನೆಯದು. ಬಣ್ಣದ ಎಚ್ಚರಿಕೆಗಳು, ಮೊಬೈಲಿಗೆ ಸಂದೇಶ, ಆಸ್ಪತ್ರೆಗಳಲ್ಲಿ ಮುಂಚಿತ ತಯಾರಿ, ಕುಡಿಯುವ ನೀರಿನ ತಾಣಗಳು. ನಮ್ಮ ಹಳೆಯ ಶಾಸನಗಳಲ್ಲಿ ಅರವಟ್ಟಿಗೆಗೆ ದತ್ತಿ ಬಿಟ್ಟ ಮಾತು ಬರುತ್ತದಲ್ಲ, ಅದೇ ಕೆಲಸ. ಅಲ್ಲಿನ ಒಂದು ಸಂಗತಿ ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಒಂದು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಕಟ್ಟಡದ ತುತ್ತತುದಿಯ ಮಹಡಿಯಲ್ಲಿತ್ತು, ನೇರ ಬಿಸಿಲು ಉಣ್ಣುವ ಚಾವಣಿಯ ಕೆಳಗೆ. 2010ರ ಆ ಬೇಸಿಗೆ ನವಜಾತ ಶಿಶುಗಳು ಝಳಕ್ಕೆ ಕಾಯಿಲೆ ಬೀಳುತ್ತಿದ್ದವು. ವಾರ್ಡನ್ನು ಕೆಳಗಿನ ಮಹಡಿಗೆ ಇಳಿಸಿದರು. ಹಾಗೆ ಕಾಯಿಲೆ ಬೀಳುವ ಶಿಶುಗಳು ಕಡಿಮೆಯಾದವು. ಔಷಧಿಯಿಲ್ಲ, ಯಂತ್ರವಿಲ್ಲ, ಮಂಚಗಳನ್ನು ಕೆಳಕ್ಕೆ ತಂದರು. ಚಾವಣಿಯ ಕೆಲಸವೇ ಜೀವನವಾಗಿದ್ದ ಕಾಕಾನಿಗೆ ಇದನ್ನು ಹೇಳಿದ್ದರೆ "ಇದ್ರಾಗ ಏನದ ದೊಡ್ಡ ಮಾತು" ಅನ್ನುತ್ತಿದ್ದ. ಮಣ್ಣಿನ ಮಾಳಗಿ ಹೊತ್ತು ಮುಳುಗುವ ತನಕ ಝಳವನ್ನು ತಡೆದು ನಿಲ್ಲಿಸುತ್ತದೆ, ಪತ್ರಾಸ್ ಹಗಲು ಬೇಯಿಸುತ್ತದೆ, ಸ್ಲ್ಯಾಬ್ ರಾತ್ರಿ ಬೇಯಿಸುತ್ತದೆ ಎಂದು ಅವನು ಎಷ್ಟೋ ಸಲ ಹೇಳಿದ್ದ. ಗೊತ್ತಿತ್ತು. ಗೊತ್ತಿದ್ದೂ ಮೂರನ್ನೂ ಕಟ್ಟುವವನು ಅವನೇ, ಜನ ಕೇಳುವುದು ಸ್ಲ್ಯಾಬನ್ನೇ.

ಬೇವಿನ ಗಿಡ

2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಲ್ಲೂ 38.5 ಆಯಿತು. 2016ರ 39.2 ಬಿಟ್ಟರೆ ಏಪ್ರಿಲ್ ತಿಂಗಳಲ್ಲಿ ಈ ಊರು ಕಂಡ ಅತಿ ಹೆಚ್ಚು. ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿನ ಹಿಂದೆ ಜನ ಓಡುತ್ತಿದ್ದ ಬೇಸಿಗೆ ಅದು. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಇನ್ನೊಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಪಕ್ಕದಲ್ಲಿ ಕೂಲಿಯವರ ತಗಡಿನ ಶೆಡ್ಡುಗಳು, ಗೋಡೆಯೂ ತಗಡು, ಮೇಲೂ ತಗಡು. ಒಂದು ಸಂಜೆ ಗೇಟಿನ ಹತ್ತಿರ ಕೂತಿದ್ದ ಹೆಂಗಸಿನ ಮಾತು ಕಿವಿಗೆ ಬಿದ್ದು ನಿಂತೆ. ಯಾವೂರವ್ವಾ ಎಂದು ಕೇಳಿದೆ. ಸುರಪುರದ ಕಡೆ. ಗುಳೆ ಬಂದು ನಾಲ್ಕು ತಿಂಗಳಾಗಿತ್ತು. ನಾನು ನನ್ನ ಹಳೆಯ ಡೈಲಾಗನ್ನೇ ಬೇರೆ ರೀತಿ ಹೇಳಿದೆ: ಇಲ್ಲಿನವರು ಇಷ್ಟಕ್ಕೇ ಸೆಕೆ ಅಂತಾರಲ್ಲ, ನಮ್ಮೂರ ಬಿಸಿಲು ನೋಡಿದ್ದರೆ ಏನು ಅಂತಿದ್ದರೋ ಎಂದು. ಆಕೆ ನಗಲಿಲ್ಲ. "ಬಿಸ್ಲ ಅಲ್ಲೇ ಜಾಸ್ತಿ ರೀ. ಆದ್ರ ಮನಿ ಮುಂದ ಬೇವಿನ ಗಿಡ ಅದ. ಇಲ್ಲಿ ಗಿಡಾನ ಇಲ್ಲ" ಅಂದಳು. ಮಗು ತೊಡೆಯ ಮೇಲೆ ಮಲಗಿತ್ತು, ಮೈತುಂಬ ಬೆವರುಸಾಲೆ. ರಾತ್ರಿ ಶೆಡ್ಡಿನಲ್ಲಿ ಮಲಗಲು ಆಗುವುದಿಲ್ಲವೆಂದು ಮಕ್ಕಳನ್ನು ಎತ್ತಿಕೊಂಡು ಕಟ್ಟಡದ ಕೆಳಗಿನ ಪಾರ್ಕಿಂಗಿಗೆ ಹೋಗುತ್ತಿದ್ದರಂತೆ, ಅಲ್ಲಿ ತಂಪು. ವಾಚ್‌ಮನ್ ಬೈದು ಎಬ್ಬಿಸುತ್ತಾನಂತೆ. ನೀರು ಚೆನ್ನಾಗಿ ಕುಡಿಯಬೇಕವ್ವಾ ಎಂದೆ, ದೊಡ್ಡ ತಿಳಿದವನ ಹಾಗೆ. ಆಕೆ ಸುತ್ತ ನೋಡಿ ದನಿ ಇಳಿಸಿ, "ಕುಡದ್ರ ಹೋಗ್ಬೇಕಾಗ್ತದಲ್ರೀ ಅಣ್ಣಾ. ಎಲ್ಲಿ ಹೋಗೂದು ಹಗಲೊತ್ತಿನ್ಯಾಗ?" ಎಂದಳು.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಅಸೋಸಿಯೇಷನ್ ಗ್ರೂಪಿನಲ್ಲಿ ಪಾರ್ಕಿಂಗಿನ ವಿಷಯ ಹಾಕಿದೆ. ಅದು ಪಕ್ಕದ ಬಿಲ್ಡರಿನ ಸಮಸ್ಯೆ ಎಂದು ಮೂವರು ಬರೆದರು. ಹಕ್ಕಿಗಳಿಗೆ ಬಾಲ್ಕನಿಯಲ್ಲಿ ನೀರಿಡಿ ಎಂಬ ಸಂದೇಶ ಅದರ ಮೇಲೆ ಬಂದು ಕೂತಿತು, ಅದಕ್ಕೆ ನಲವತ್ತು ಹೃದಯಗಳು.

ಆರಕ್ಕ

ತರಬೇತಿಯಲ್ಲಿ ಕೇಳಿದ್ದನ್ನು ಚಿಗವ್ವನಿಗೆ ಹೇಳಬೇಕೋ ಬೇಡವೋ ಎಂದು ಒಂದು ವರ್ಷ ಇಟ್ಟುಕೊಂಡಿದ್ದೆ. ಈ ಮುಪ್ಪಿನಲ್ಲಿ ಯಾಕೆ ಎಂದು ಒಂದು ಮನಸ್ಸು. ಈ ಯುಗಾದಿಗೆ ಊರಿಗೆ ಹೋದಾಗ ಅವಳು ನುಚ್ಚು ಮಜ್ಜಿಗೆ ಕಲಸಿ ಕೊಟ್ಟಳು, ನಾನು ಉಣ್ಣುತ್ತ ಉಣ್ಣುತ್ತ ಹೇಳಿಬಿಟ್ಟೆ. ಅದು ಜ್ವರ ಅಲ್ಲ, ಝಳ. ಹೊದಿಸಬಾರದಿತ್ತು. ಹೊರಗೆ ದೋಣಿಯಲ್ಲಿ ನೀರಿತ್ತು.

ಚಿಗವ್ವ ತುಸು ಹೊತ್ತು ಸುಮ್ಮನಿದ್ದಳು. ತಟ್ಟೆಯ ಅಂಚಿನಲ್ಲಿ ಉಳಿದಿದ್ದ ನುಚ್ಚನ್ನು ಬೆರಳಿಂದ ಒಟ್ಟು ಮಾಡಿದಳು. ಆಮೇಲೆ, "ಕೌದಿ ತಗೊಂಡು ಬಾ ಅಂದಾಕಿ ನಾನೇ" ಅಂದಳು.

ನನಗೆ ಹಾಗೆ ನೆನಪಿಲ್ಲ. ಅವಳು ಹೇಳಿದ್ದು ನಿಜವೋ, ನನ್ನ ಮೇಲಿದ್ದದ್ದನ್ನು ತಾನು ಹೊತ್ತುಕೊಂಡಳೋ, ಕೇಳುವ ಧೈರ್ಯ ಆಗಲಿಲ್ಲ. ಅಷ್ಟರಲ್ಲಿ ಅವಳೇ ಮಾತು ತಿರುಗಿಸಿದಳು. ಅವಳ ಮಗ, ನನ್ನ ತಮ್ಮ, ಅಪ್ಪನ ಕರಣಿಯನ್ನೇ ಹಿಡಿದು ಈಗ ಗೌಂಡಿ ಆಗಿದ್ದಾನೆ. ಹಬ್ಬ ಎಂದು ಒಂದು ವಾರ ಮನೆಯಲ್ಲಿದ್ದ. ನಾಳೆ ಸ್ಲ್ಯಾಬ್ ಅದ ಅವಂದು ಎಂದಳು. ಅವನು ಅಂಗಳದಲ್ಲಿ ಮೊಬೈಲ್ ನೋಡುತ್ತ ಕೂತಿದ್ದ.

"ಮಿಕ್ಸರ್ ಎಷ್ಟಕ್ಕ ಬರ್ತದೋ?" ಎಂದು ಕೂಗಿ ಕೇಳಿದೆ.

"ಆರಕ್ಕ ಅಂದಾರ" ಅಂದ, ತಲೆ ಎತ್ತದೆ.